ಗೋಡೆ ಕಡೆ ಮುಖ

ಆ ಫೋಟೊದ ಎಡಗಡೆಯನ್ನು ಕತ್ತರಿಸಿದವಳು ನಾನು. ಕತ್ತರಿಯಿಂದಲ್ಲ, ಕಂಪ್ಯೂಟರಿನಲ್ಲಿ. ಒಂದು ಗೆರೆ ಎಳೆದು, ಅದನ್ನು ಸ್ವಲ್ಪ ಬಲಕ್ಕೆ ಸರಿಸಿ, ಗುಂಡಿ ಒತ್ತಿದೆ. ಮೂವರು ಹೆಂಗಸರು ಹೋದರು. ಅವರಲ್ಲಿ ಒಬ್ಬಳು ನನ್ನ ಅಮ್ಮ.

ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳಹೊರಟರೆ ನನಗೆ ಅನುಕೂಲವಾದ ಮಾತುಗಳು ನಡುವೆ ಬಂದು ಸೇರಿಕೊಳ್ಳುತ್ತವೆ.

ಅದು ನಮ್ಮೂರಿನ ಹಳೆಯ ಆಸ್ಪತ್ರೆಯ ಕಟ್ಟಡ. ಅರವತ್ತು ವರ್ಷ ಅಲ್ಲಿ ಜನ ಹುಟ್ಟಿದರು, ಸತ್ತರು. ಹೆದ್ದಾರಿಯ ಪಕ್ಕ ಹೊಸ ಆಸ್ಪತ್ರೆ ಎದ್ದ ಮೇಲೆ ಒಂಬತ್ತು ವರ್ಷ ಬೀಗ ಬಿದ್ದಿತ್ತು. ಕಬ್ಬಿಣದ ಮಂಚಗಳನ್ನು ತೂಕಕ್ಕೆ ಹಾಕಿದರು. ಕಿಟಕಿಯ ಗಾಜು ಒಂದೂ ಉಳಿಯಲಿಲ್ಲ. ಈಗ ಅದನ್ನು ದುರಸ್ತಿ ಮಾಡಿಸಿ ‘ನೆನಪಿನ ಮನೆ’ ಮಾಡುತ್ತೇವೆ ಎಂದು ಒಂದು ಕಮಿಟಿ ಹೊರಟಿತ್ತು. ಕೆಳಗೆ ಪ್ರದರ್ಶನ, ಮೇಲೆ ಸಭೆ ಸಮಾರಂಭಗಳಿಗೆ ಹಾಲ್. ಕಮಿಟಿ ನಡೆಸುತ್ತಿದ್ದವರು ದೊಡ್ಡ ಡಾಕ್ಟರ ಮಗಳು. ದೊಡ್ಡ ಡಾಕ್ಟರೆಂದರೆ ಆ ಆಸ್ಪತ್ರೆಯನ್ನು ಮೂವತ್ತು ವರ್ಷ ಆಳಿದವರು. ತೀರಿಕೊಂಡು ಬಹಳ ದಿನವಾಗಿತ್ತು. ಮಗಳನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಇತಿಹಾಸದಲ್ಲಿ ಡಿಗ್ರಿ ಮುಗಿಸಿ, ಡೈರಿ ಬರೆದುಕೊಂಡು ಮನೆಯಲ್ಲಿ ಕೂತಿದ್ದ ನನ್ನನ್ನು ಅವರು ಕೆಲಸಕ್ಕೆ ತೆಗೆದುಕೊಂಡರು. ಹಳಬರನ್ನು ಹುಡುಕಿ ಅವರ ನೆನಪುಗಳನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು, ಗೋಡೆಗೆ ಹಾಕುವ ಫೋಟೊಗಳನ್ನು ಸಿದ್ಧ ಮಾಡಬೇಕು. ಆರು ತಿಂಗಳ ಕೆಲಸ. ಚೆನ್ನಾಗಿ ಮಾಡಿದರೆ ಕಾಯಂ ಮಾಡುತ್ತೇವೆ ಎಂದಿದ್ದರು.

ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದು ಬರೆದೆ.

ಅಮ್ಮ ಅದೇ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನೆಲ ಒರೆಸಿದ್ದಳು.

ನೆಲ ಎಂದರೆ ಬರೀ ನೆಲವಲ್ಲ. ಹೆರಿಗೆ ವಾರ್ಡಿನ ರಕ್ತ, ಮಾಸು, ಕೀವು, ವಾಂತಿ, ಮಲ. ಕೊಳೆತು ಕತ್ತರಿಸಿದ ಕಾಲನ್ನು ಬಕೆಟ್ಟಿನಲ್ಲಿಟ್ಟು ಹಿಂದಿನ ಗುಂಡಿಗೆ ಹೊತ್ತವಳು ಅವಳು. ಒಂದು ಕಾಲು ಎಷ್ಟು ಭಾರ ಇರುತ್ತೆ ಗೊತ್ತಾ ನಿಂಗೆ, ಎಂದು ಒಮ್ಮೆ ಕೇಳಿದ್ದಳು. ನಾನು ಊಟ ಮಾಡುತ್ತಿದ್ದೆ. ತಟ್ಟೆ ಬಿಟ್ಟು ಎದ್ದೆ. ಆಮೇಲೆ ಅವಳು ಊಟದ ಹೊತ್ತಿನಲ್ಲಿ ಆಸ್ಪತ್ರೆಯ ಮಾತು ತೆಗೆಯಲಿಲ್ಲ. ರಕ್ತಕ್ಕೆ ಬಿಸಿನೀರು ಹಾಕಬಾರದು, ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೊದಲು ತಣ್ಣೀರೇ ಆಗಬೇಕು ಎನ್ನುವುದು ಅವಳು ನನಗೆ ಕಲಿಸಿದ ಪಾಠ. ಅದು ನನಗೆ ಹದಿಮೂರನೇ ವಯಸ್ಸಿನಲ್ಲಿ ಉಪಯೋಗಕ್ಕೆ ಬಂತು. ಫಿನಾಯಿಲಿನಿಂದ ಅವಳ ಉಗುರಿನ ಸುತ್ತಲ ಚರ್ಮ ಬಿಳಿಚಿ ಬಿರಿದಿತ್ತು. ಬಕೆಟ್ ಹೊತ್ತು ಹೊತ್ತು ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು.

ಇನ್ನೊಂದು ನಿಯಮ ಇತ್ತು. ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ. ಬೆಳಿಗ್ಗೆ ಒಂಬತ್ತಕ್ಕೆ ದೊಡ್ಡ ಡಾಕ್ಟರು ವಾರ್ಡು ನೋಡಲು ಹೊರಡುತ್ತಿದ್ದರು. ಅವರು ಬರುವಾಗ ನೆಲ ಒರೆಸುವ ಹೆಂಗಸರು ಬಕೆಟ್ ಕೆಳಗಿಟ್ಟು ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕು. ಬೂಟಿನ ಸದ್ದು ದಾಟಿಹೋಗುವ ತನಕ ತಿರುಗಬಾರದು. ಹೊಲಸು ಮುಟ್ಟುವವರ ಉಸಿರು ತಾಗಬಾರದು ಎಂದು ಕಾರಣ ಹೇಳಿದ್ದರಂತೆ. ಅದೇ ಹೊಲಸನ್ನು ಮುಟ್ಟುವ ನರ್ಸುಗಳು ಮುಖ ಎತ್ತಿ ಗುಡ್ ಮಾರ್ನಿಂಗ್ ಹೇಳಬಹುದಿತ್ತು. ಉದ್ದನೆಯ ಕಾರಿಡಾರಿನಲ್ಲಿ ಒಬ್ಬೊಬ್ಬರಿಗೂ ಅವರವರ ಜಾಗ ಇತ್ತು. ದಿನಾ ಅದೇ ಜಾಗದಲ್ಲಿ ನಿಂತು, ಹಣೆ ಆನಿಸಿ, ಆ ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ಹೊತ್ತಾದರೂ ಸೊಂಟ ನೆಟ್ಟಗಾಗುತ್ತಿತ್ತು ಎನ್ನುತ್ತಿದ್ದಳು ಅಮ್ಮ, ಅದೊಂದು ಸವಲತ್ತು ಎಂಬಂತೆ.

ಆ ಅಭ್ಯಾಸ ಅವಳ ಮೈಗೆ ಹತ್ತಿಬಿಟ್ಟಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಅಂಕಪಟ್ಟಿಗೆ ಸಹಿ ಹಾಕಲು ಶಾಲೆಗೆ ಬಂದಿದ್ದಳು. ಹೆಡ್‌ಮಾಸ್ಟರು ಟಕಟಕ ಎಂದು ವರಾಂಡದಲ್ಲಿ ಬಂದರು. ಅಮ್ಮ ಗಕ್ಕನೆ ತಿರುಗಿ ಗೋಡೆಗೆ ಮುಖ ಕೊಟ್ಟು ನಿಂತಳು. ಹುಡುಗಿಯರು ಕಿಸಕ್ಕನೆ ನಕ್ಕರು. ಯಾರೇ ಅದು ಎಂದು ಪಕ್ಕದವಳು ಕೇಳಿದಳು. ನಮ್ಮ ಬೀದಿಯೋರು, ಎಂದೆ.

ನೆನಪಿನ ಮನೆಯ ಕೆಲಸ ನನಗೆ ಇಷ್ಟವಾಗಿತ್ತು. ಸುಳ್ಳು ಹೇಳುವುದಿಲ್ಲ. ಮಾತಾಡಲು ಹೆದರುವ ನನಗೆ ಬೇರೆಯವರು ಮಾತಾಡುವುದನ್ನು ಬರೆದುಕೊಳ್ಳುವುದು ಒಗ್ಗಿತು. ಮೂರು ತಿಂಗಳಲ್ಲಿ ನಲವತ್ತೊಂದು ಜನರ ನೆನಪು ಬರೆದೆ. ಡಾಕ್ಟರುಗಳು, ನರ್ಸುಗಳು, ಕಾಂಪೌಂಡರ್, ಅಲ್ಲಿ ಹುಟ್ಟಿ ದೊಡ್ಡವರಾದವರು. ನೆಲ ಒರೆಸಿದವರು ಒಬ್ಬರೂ ಇರಲಿಲ್ಲ. ಒಂದು ದಿನ ಅರ್ಧ ದನಿಯಲ್ಲಿ ಮೇಡಂಗೆ ಅದನ್ನು ಹೇಳಿದೆ. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರು: ಚೆನ್ನಾಗಿ ಮಾತಾಡುವವರು ಯಾರಾದರೂ ಸಿಕ್ಕರೆ ಕರೆದುಕೊಂಡು ಬಾ, ದೂರು ಹೇಳುವವರು ಬೇಡ, ಇದು ನೆನಪಿನ ಮನೆ, ದೂರಿನ ಪೆಟ್ಟಿಗೆಯಲ್ಲ. ಹುಡುಕುತ್ತೇನೆ ಮೇಡಂ, ಎಂದು ತಲೆಯಾಡಿಸಿದೆ.

ಮೂವತ್ತೇಳನೆಯ ನೆನಪು ಒಬ್ಬ ಟೀಚರಮ್ಮನದು. ಹೆರಿಗೆ ನೋವು ಬಂದು ಆಸ್ಪತ್ರೆಗೆ ನಡೆದು ಬಂದವರಿಗೆ ವಾರ್ಡು ಮುಟ್ಟುವ ಮೊದಲೇ ಕಾರಿಡಾರಿನಲ್ಲಿ ಮಗು ಬಂದುಬಿಟ್ಟಿತ್ತು. “ಯಾರೋ ಓಡಿಬಂದು ಮಡಿಲಲ್ಲಿ ಹಿಡ್ಕೊಂಡ್ರು. ಆಮೇಲೆ ಸಿಸ್ಟರ್ ಬಂದ್ರು,” ಎಂದು ಅವರು ಹೇಳಿದರು. ಆ ಮಗುವನ್ನು ನಮ್ಮ ಮನೆಯಲ್ಲಿ ‘ಕಾರಿಡಾರ್ ಕೂಸು’ ಎನ್ನುತ್ತೇವೆ. ಅಮ್ಮ ನೂರು ಸಲ ಹೇಳಿದ ಕಥೆ ಅದು. ಅವಳ ಮಡಿಲು ಒದ್ದೆಯಾದದ್ದು, ಬಟ್ಟೆ ಬದಲಿಸಲು ಬಿಡದೆ ಸಂಜೆತನಕ ಹಾಗೇ ಕೆಲಸ ಮಾಡಿಸಿದ್ದು ಎಲ್ಲ. ನಾನು ರಿಜಿಸ್ಟರಿನಲ್ಲಿ ‘ಯಾರೋ’ ಎಂದೇ ಬರೆದೆ. ಟೀಚರಮ್ಮ ಕಣ್ಣು ಒರೆಸಿಕೊಂಡು ಸಹಿ ಹಾಕಿದರು.

ಆ ಹೊತ್ತಿಗೆ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದರು. ಕಾರಿಡಾರಿನ ಗೋಡೆಯಲ್ಲಿ ಅಲ್ಲಲ್ಲಿ ಕಲೆ ಇತ್ತು, ಆಳೆತ್ತರಕ್ಕಿಂತ ಸ್ವಲ್ಪ ಕೆಳಗೆ, ಅಂಗೈ ಅಗಲ. ಬಣ್ಣದವನು ಎರಡು ಕೋಟು ಬಳಿದ. ಮತ್ತೆ ಮೇಲೆದ್ದಿತು. ಕೆರೆದು ಬಳಿದ. ಎಲ್ಲ ಹೋಗಿ ಒಂದು ಮಾತ್ರ ಉಳಿಯಿತು. ಎಣ್ಣೆ ಹಿಡಿದಿರೋ ಗೋಡೆ, ಏನು ಉಜ್ಜಿದ್ರೋ ಇಲ್ಲಿ, ಎಂದು ಅವನು ಬೈದುಕೊಂಡ. ನನಗೆ ಗೊತ್ತಿತ್ತು. ಅಮ್ಮನ ಜಾಗ ಔಷಧಿ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ. ನಾನು ಎಣಿಸಿ ನೋಡಿದೆ. ಮೇಡಂ ಬಂದು ನೋಡಿ, ಇಲ್ಲಿ ಒಂದು ದೊಡ್ಡ ಫೋಟೊ ಹಾಕಿಬಿಡಿ, ಮುಚ್ಚಿಹೋಗುತ್ತೆ, ಎಂದರು.

ಹಾಕಲು ಆರಿಸಿದ್ದು ಕಾಂಪೌಂಡರ್ ಕೊಟ್ಟ ಫೋಟೊ. ಇಪ್ಪತ್ತಮೂರು ವರ್ಷದ ಹಿಂದೆ ಹೊಸ ಆಪರೇಷನ್ ಥಿಯೇಟರ್ ಉದ್ಘಾಟನೆಯ ದಿನ ತೆಗೆದದ್ದು. ಕಾರಿಡಾರಿನ ನಡುವೆ ದೊಡ್ಡ ಡಾಕ್ಟರು, ಪಕ್ಕದಲ್ಲಿ ಹೂಗುಚ್ಛ ಹಿಡಿದ ಮೇಡಂ, ಆಗ ಹುಡುಗಿ. ಸುತ್ತ ಬಿಳಿ ಕೋಟುಗಳು. ಎಡತುದಿಯಲ್ಲಿ ಮೂವರು ಹೆಂಗಸರು, ಗೋಡೆ ಕಡೆ ಮುಖ, ನಮ್ಮ ಕಡೆ ಬೆನ್ನು. ಮಧ್ಯದವಳ ಬಲಭುಜ ಎರಡು ಬೆರಳು ಕೆಳಗಿತ್ತು.

ತಿಂಗಳನ್ನು ಲೆಕ್ಕ ಹಾಕಿದೆ. ಆಗ ಅವಳಿಗೆ ಐದು ತಿಂಗಳು. ಹಿಂದಿನಿಂದ ಗೊತ್ತಾಗುವುದಿಲ್ಲ. ಆ ಫೋಟೊದಲ್ಲಿ ನಾನೂ ಇದ್ದೆ.

ಮೇಡಂ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಆ ದಿನ ನಿನ್ನೆ ಮೊನ್ನೆ ಆದ ಹಾಗಿದೆ ಎಂದರು. ಆಮೇಲೆ, ಈ ಬೆನ್ನುಗಳು ಬೇಡ, ಶಿಕ್ಷೆ ಕೊಟ್ಟು ನಿಲ್ಲಿಸಿದ ಹಾಗೆ ಕಾಣುತ್ತೆ, ನೋಡಿದವರು ಏನೇನೋ ಕೇಳುತ್ತಾರೆ, ಎಂದರು. ಅವರ ಸೆಂಟಿನ ವಾಸನೆ ಹತ್ತಿರ ಇತ್ತು. ನಾನು ಒಂದು ಮಾತು ಹೇಳಬಹುದಿತ್ತು. ಗೆರೆ ಎಳೆದೆ. ಸರಿಸಿದೆ. ಒತ್ತಿದೆ. ಕಾರಿಡಾರ್ ಈಗ ಎಷ್ಟು ವಿಶಾಲವಾಗಿ ಕಾಣುತ್ತೆ ನೋಡು, ಎಂದು ಮೇಡಂ ಬೆನ್ನು ತಟ್ಟಿದರು.

ಆ ದಿನ ಡೈರಿ ತೆರೆದು ತಾರೀಖು ಹಾಕಿದೆ. ಕೆಳಗೆ ಏನೂ ಬರೆಯಲಿಲ್ಲ.

ಉದ್ಘಾಟನೆಗೆ ಹದಿನೈದು ದಿನ ಇದ್ದಾಗ ಸೀಟಿ ಚಿಕ್ಕಮ್ಮ ಮನೆಗೆ ಬಂದಳು. ಅವಳು ಅಮ್ಮನ ಜೊತೆ ಕೆಲಸ ಮಾಡಿದವಳು. ದೊಡ್ಡ ಡಾಕ್ಟರು ಹೊರಟರೆಂದು ಉಳಿದವರಿಗೆ ಸೀಟಿ ಹೊಡೆದು ತಿಳಿಸುತ್ತಿದ್ದದ್ದು ಅವಳೇ. ಆ ಹೆಸರೇ ನಿಂತುಹೋಯಿತು. ಆ ಫೋಟೊದಲ್ಲಿ ಎಡಕ್ಕಿದ್ದವಳು ಅವಳು. ಬಲಕ್ಕಿದ್ದವಳು ಸತ್ತು ನಾಲ್ಕು ವರ್ಷವಾಯಿತು. ಕಾಂಪೌಂಡರ್ ದಾರಿಯಲ್ಲಿ ಸಿಕ್ಕಿ, ನಿಮ್ಮ ಫೋಟೊ ಗೋಡೆಗೆ ಹಾಕ್ತಾರಂತೆ, ಎಂದಿದ್ದ.

“ನನ್ನ ಮುಖ ನೋಡಿ ಯಾರೂ ಒಂದು ಫೋಟೊ ತೆಗೀಲಿಲ್ಲ ಕಣೇ,” ಎಂದು ಚಿಕ್ಕಮ್ಮ ಗೋಡೆಗೊರಗಿ ಕೂತು ಕಾಲು ಚಾಚಿದಳು. “ಬೆನ್ನು ನೋಡಿ ತೆಗೆದಿದಾರೆ. ಆ ವಯಸ್ಸಲ್ಲಿ ನನ್ನ ಬೆನ್ನು ಹೆಂಗಿತ್ತು ಅಂತ ಈಗ್ಲಾದ್ರೂ ಜನ ನೋಡ್ಲಿ.”

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ಆ ಫೋಟೊವನ್ನು ಯಾವತ್ತೂ ಕಂಡಿರಲಿಲ್ಲ. ತೆಗೆದದ್ದು ಮಾತ್ರ ನೆನಪಿತ್ತು. ಹಿಂದೆ ಫಳ್ ಎಂದು ಬೆಳಕು ಬಿದ್ದು, ಎದುರಿನ ಗೋಡೆಯ ಮೇಲೆ ಮೂವರ ನೆರಳು ಒಂದು ಕ್ಷಣ ಎದ್ದು ಆರಿಹೋಗಿತ್ತಂತೆ. ಅವಳು ನನ್ನ ಕಡೆ ತಿರುಗಿದಳು.

“ನೀನು ಹೊಟ್ಟೇಲಿದ್ದಾಗಿನ ಫೋಟೊ ನಮ್ಮನೇಲಿ ಒಂದೂ ಇಲ್ಲ. ಬೆನ್ನಾದ್ರೂ ಸರಿ, ನೋಡ್ಬೇಕು. ಇದೆಯೇನೇ ಅದು ಅಲ್ಲಿ?”

“ಇದೆ ಅಮ್ಮ,” ಎಂದೆ. ಫೋಟೊ ಇತ್ತು.

ಮರುದಿನ ಮೇಡಂ ಕೋಣೆಗೆ ಹೋದೆ. ಆ ಥಿಯೇಟರಿನ ಫೋಟೊ ಪೂರ್ತಿ ಹಾಕಲು ಆಗುತ್ತದೆಯೇ ಎಂದು ಕೇಳಿದೆ. ಪ್ರಿಂಟಾಗಿ ಫ್ರೇಮ್ ಕೂಡ ಬಂದಿದೆಯಲ್ಲ, ಯಾಕೆ ಎಂದರು. ಯಾಕೆ ಎಂಬ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇತ್ತು. ಎರಡೇ ಶಬ್ದದ ಉತ್ತರ. ಏನಿಲ್ಲ ಮೇಡಂ, ಎಂದು ಹೊರಗೆ ಬಂದೆ.

ಉಳಿದದ್ದು ಅಮ್ಮನನ್ನು ತಡೆಯುವ ದಾರಿ. ಮೊದಲ ದಿನ ತುಂಬ ಜನ ಇರುತ್ತಾರೆ, ನಿನಗೆ ಮಂಡಿನೋವು, ನಿಲ್ಲಲು ಆಗುವುದಿಲ್ಲ, ಮುಂದಿನ ವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

“ನಿನ್ನ ಆಫೀಸಿನೋರ ಮುಂದೆ ನಾನು ನಿನ್ನ ಅಮ್ಮ ಅಂತ ಹೇಳಲ್ಲ ಬಿಡು,” ಎಂದಳು. “ನಿನ್ನ ಕಡೆ ನೋಡೋದೂ ಇಲ್ಲ. ಹಿಂಗೆ ಹೋಗಿ ಹಂಗೆ ಬರ್ತೀನಿ.”

ಅದಲ್ಲ ಅಮ್ಮ, ಎಂದೆ. ಆದರೆ ಅದೂ ಆಗಿತ್ತು. ಅವಳು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ಉದ್ಘಾಟನೆ ಬೆಳಿಗ್ಗೆ ಹತ್ತಕ್ಕೆ. ನನ್ನನ್ನು ಮುಂಬಾಗಿಲಲ್ಲಿ ರಿಜಿಸ್ಟರಿನೊಂದಿಗೆ ನಿಲ್ಲಿಸಿದ್ದರು. ಬಂದವರಿಂದ ಸಹಿ ಹಾಕಿಸುವುದು, ಆಮೇಲೆ ಮೇಡಂ ಹಿಂದೆ ಹೋಗುವುದು. ಒಂದೊಂದು ಕಾರು ಬಂದಾಗಲೂ ಗೇಟಿನ ಕಡೆ ನೋಡುತ್ತಿದ್ದೆ. ಹತ್ತೂವರೆಯಾದರೂ ಅವರಿಬ್ಬರೂ ಕಾಣಲಿಲ್ಲ. ಬರಲಿಲ್ಲವೆಂದು ನನ್ನ ಎದೆ ಹಗುರಾಯಿತು. ಹಗುರಾದದ್ದು ಗೊತ್ತಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವರು ಬಂದಿದ್ದರು. ಕಾಲುಗಳು ಅವರನ್ನು ಹಿಂದಿನ ಗೇಟಿಗೆ ಕರೆದುಕೊಂಡು ಹೋಗಿದ್ದವು. ಇಪ್ಪತ್ತಾರು ವರ್ಷ ಹೋಗಿ ಬಂದ ಗೇಟು ಅದು. ಈಗ ಅಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಮುಂಬಾಗಿಲಿಗೆ ಹೋಗಬಹುದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ಆ ಇಟ್ಟಿಗೆಯ ಮುಂದೆ ಬಿಸಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಅಡುಗೆಯವರು ಸಾಮಾನು ತರುವ ಬಾಗಿಲಿತ್ತು. ಬಡಿಸುವವರ ಮೇಸ್ತ್ರಿ ಹೊರಗೆ ಬಂದು, ಕ್ಲೀನಿಂಗಿಗೆ ಬಂದೋರಾ, ಇಷ್ಟು ಹೊತ್ತಿಗಾ ಬರೋದು, ಎಂದು ಗದರಿದ. ಒಳಗೆ ಕಾರಿಡಾರಿನಲ್ಲಿ ಹಣ್ಣಿನ ರಸದ ಡ್ರಮ್ಮು ಮಗುಚಿ ಬಿದ್ದಿತ್ತು. ಸೀಟಿ ಚಿಕ್ಕಮ್ಮ ಅವನಿಗೆ ಉತ್ತರ ಕೊಡಲು ಬಾಯಿ ತೆರೆದಳಂತೆ. ಅಮ್ಮ ಅಷ್ಟರಲ್ಲಿ ನೆಲ ನೋಡಿದ್ದಳು. ಯಾರಾದರೂ ಜಾರುತ್ತಾರೆ, ಮಾಪು ಎಲ್ಲಿ, ಎಂದು ಕೇಳಿದಳಂತೆ.

ಮೇಡಂ ರಿಬ್ಬನ್ ಕತ್ತರಿಸಿ, ಚಪ್ಪಾಳೆ ಮುಗಿದು, ಇಪ್ಪತ್ತು ಮಂದಿ ಕಾರಿಡಾರಿಗೆ ಕಾಲಿಟ್ಟೆವು. ಬೂಟುಗಳು, ಹಿಮ್ಮಡಿ ಎತ್ತರದ ಚಪ್ಪಲಿಗಳು. ದೂರದಲ್ಲಿ ಒಬ್ಬ ಹೆಂಗಸು ನಮ್ಮ ಕಡೆ ಬೆನ್ನು ಮಾಡಿ, ನೆಲ ಒರೆಸುತ್ತಾ ಹಿಂದೆ ಹಿಂದೆ ಬರುತ್ತಿದ್ದಳು. ಅವಳ ಆಚೆಯ ನೆಲವೆಲ್ಲ ಒದ್ದೆ, ಹೊಳೆಯುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬಳು ಬಕೆಟ್ ಹಿಡಿದಿದ್ದಳು. ಬಲಭುಜ ನೋಡಿದೆ. ನನ್ನ ಕಾಲು ಅಲ್ಲೇ ನಿಂತಿತು. ಹಿಂದಿನವರು ನನ್ನನ್ನು ತಳ್ಳಿಕೊಂಡು ಮುಂದೆ ಬಂದರು.

ಬೂಟಿನ ಸದ್ದು ಅಮ್ಮನಿಗೆ ಕೇಳಿಸಿತು. ಸೀಟಿ ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು ನಮ್ಮನ್ನೇ ನೋಡುತ್ತಾ ನಿಂತಳು. ಅಮ್ಮ ಮಾಪನ್ನು ಪಕ್ಕಕ್ಕೆ ಒರಗಿಸಿ ಗೋಡೆ ಕಡೆ ತಿರುಗಿಬಿಟ್ಟಳು. ಔಷಧಿ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ. ಅವಳ ಹಣೆಗೆ ಗೋಡೆ ಸಿಗಲಿಲ್ಲ. ಗಾಜು ಸಿಕ್ಕಿತು.

ಒಬ್ಬ ಅತಿಥಿ, ಇವರೇಕೆ ಹೀಗೆ ನಿಂತರು, ಎಂದು ಪಿಸುಗುಟ್ಟಿದ. ಮೇಡಂ ನಕ್ಕರು. ನಮ್ಮ ತಂದೆಯ ಕಾಲದ ಶಿಸ್ತು, ಇನ್ನೂ ಬಿಟ್ಟಿಲ್ಲ ನೋಡಿ, ಎಂದರು. ಆಮೇಲೆ ಹತ್ತಿರ ಹೋಗಿ, ಸ್ವಲ್ಪ ಈಚೆ ಬಾಮ್ಮ, ಇವರೆಲ್ಲ ಫೋಟೊ ನೋಡಬೇಕು, ಎಂದರು.

ಅಮ್ಮ ಕದಲಲಿಲ್ಲ. ಮೇಡಂ ಇನ್ನೊಂದು ಸಲ ಹೇಳಿದರು.

“ನೋಡ್ತಾ ಇದೀನಿ,” ಎಂದಳು ಅಮ್ಮ. “ಮುಗೀಲಿ.”

ದನಿ ಏರಿರಲಿಲ್ಲ. ಫೋಟೊ ನೋಡಲು ಬಂದವರು ಅಮ್ಮನ ಬೆನ್ನು ನೋಡುತ್ತಾ ನಿಂತರು. ಯಾರೋ ಕೆಮ್ಮಿದರು. ಯಾರೋ ಗಡಿಯಾರ ನೋಡಿಕೊಂಡರು. ಅಮ್ಮನ ಬಿರಿದ ಬೆರಳು ಗಾಜಿನ ಮೇಲೆ ದೊಡ್ಡ ಡಾಕ್ಟರಿಂದ ಹೊರಟು, ಒಬ್ಬೊಬ್ಬರನ್ನೇ ದಾಟಿ, ಎಡಕ್ಕೆ, ಇನ್ನೂ ಎಡಕ್ಕೆ ಹೋಗಿ ಫ್ರೇಮಿನ ಕಟ್ಟಿಗೆಗೆ ಮುಟ್ಟಿ ನಿಂತಿತು. ಕಟ್ಟಿಗೆಯನ್ನು ಮೇಲಿಂದ ಕೆಳಗೆ ಸವರಿದಳು, ಅಲ್ಲೆಲ್ಲಾದರೂ ಸಂದಿ ಇದೆಯೇನೋ ಎಂಬಂತೆ.

“ಇಲ್ಲಿ ನಾವು ಮೂರು ಜನ ಇದ್ವಿ,” ಎಂದಳು.

ವಯಸ್ಸಾದವರಿಗೆ ನೆನಪು ಕಲಸಿಹೋಗುತ್ತದೆ ಎಂದು ಮೇಡಂ ಅತಿಥಿಗಳಿಗೆ ಮೆಲ್ಲನೆ ಹೇಳಿದರು. ನನ್ನ ಕಡೆ ತಿರುಗಿದರು. “ಈ ಫೋಟೊ ಇರೋದೇ ಇಷ್ಟು, ಅಲ್ವೇನಮ್ಮ?”

ತಲೆಯಾಡಿಸಿದರೆ ಮುಗಿಯುತ್ತಿತ್ತು. ನನ್ನ ಕತ್ತು ಆಗಲೇ ಅರ್ಧ ಬಾಗಿತ್ತು. ಅಮ್ಮ ತಿರುಗಿ ನನ್ನನ್ನು ನೋಡಲಿಲ್ಲ. ನಾನು ಅಲ್ಲೇ ಇದ್ದೇನೆಂದು ಅವಳಿಗೆ ಗೊತ್ತಿತ್ತು. ಮಾತು ಕೊಟ್ಟಿದ್ದಳಲ್ಲ, ಅದನ್ನು ಉಳಿಸಿಕೊಳ್ಳುತ್ತಿದ್ದಳು. ಅಷ್ಟು ಜನರ ಮುಂದೆ ಸುಳ್ಳಿಯಾಗಿ ನಿಂತು ನನ್ನ ಗುಟ್ಟು ಕಾಯುತ್ತಿದ್ದಳು.

ನಾನು ಏನೋ ಹೇಳಿದೆ. ಅದು ಯಾರಿಗೂ ಕೇಳಿಸಲಿಲ್ಲ.

“ಏನು?” ಎಂದರು ಮೇಡಂ.

“ಇನ್ನೂ ಇತ್ತು ಮೇಡಂ. ನೀವು ಬೇಡ ಅಂದ್ರಿ. ಕತ್ತರಿಸಿದ್ದು ನಾನು. ಇವರು ನಮ್ಮಮ್ಮ.”

ಆಗ ಅಮ್ಮ ತಿರುಗಿದಳು.

ಹದಿನೈದು ದಿನ ನಾನು ಈ ಮಾತನ್ನು ಮನಸ್ಸಿನಲ್ಲಿ ಹೇಳಿ ಹೇಳಿ ನೋಡಿದ್ದೆ. ಹೇಳಿದ ಕೂಡಲೇ ಅವಳ ಪಕ್ಕಕ್ಕೆ ಹೋಗಿ ನಿಂತ ಹಾಗಾಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ಅಲ್ಲಿಯತನಕ ಕತ್ತರಿಸಿದವರು ಯಾರೆಂದು ಗೊತ್ತಿರಲಿಲ್ಲ ಎನ್ನುವುದು ನನ್ನ ತಲೆಗೆ ಹೋಗಿರಲಿಲ್ಲ. ಅವರೇ ಕತ್ತರಿಸಿದ್ದು ಎಂದುಕೊಂಡಿದ್ದಳು. ಬೂಟಿನವರು. ಅವಳ ಮುಖದಲ್ಲಿದ್ದ ಸಿಟ್ಟು ನಾನು ನೋಡುತ್ತಿದ್ದ ಹಾಗೇ ಇಳಿಯಿತು. ಅದರ ಜಾಗಕ್ಕೆ ಬಂದದ್ದನ್ನು ನಾನು ಬರೆಯಲಾರೆ. ಬರೆಯಲು ಎರಡು ಸಲ ಕೂತಿದ್ದೇನೆ.

ಅವಳು ಮಾಪು ತೆಗೆದು ನನ್ನ ಕೈಗೆ ಕೊಟ್ಟಳು. ರಿಜಿಸ್ಟರ್ ಕೆಳಗೆ ಬಿತ್ತು.

“ಒಣಗೋ ತನಕ ಯಾರನ್ನೂ ಬಿಡಬೇಡ. ಜಾರಿ ಬೀಳ್ತಾರೆ.”

ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ಹೇಳಿದ ಹಾಗೆ ಹೇಳಿದಳು. ಆಮೇಲೆ ಬಿಳಿ ಬಟ್ಟೆಯ ಅತಿಥಿಗಳ ನಡುವೆ ನೇರ ಮುಂಬಾಗಿಲಿಗೆ ನಡೆದಳು. ಅವರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಸೀಟಿ ಚಿಕ್ಕಮ್ಮ ಬಕೆಟ್ಟನ್ನು ನನ್ನ ಕಾಲ ಬಳಿ ಕುಕ್ಕಿದಳು.

“ಬೆನ್ನಿಗೆ ಚೂರಿ ಹಾಕೋರನ್ನ ನೋಡಿದ್ದೆ,” ಎಂದಳು. “ಬೆನ್ನನ್ನೇ ಕತ್ತರಿಸೋಳನ್ನ ಇವತ್ತು ನೋಡ್ದೆ.”

ಅವಳೂ ಹೋದಳು.

ಮೇಡಂ ಗಂಟಲು ಸರಿಮಾಡಿಕೊಂಡರು. ಇದನ್ನು ಆಮೇಲೆ ಮಾತಾಡೋಣ, ಈಗ ದಾರಿ ಬಿಡು, ಉಳಿದ ಕೋಣೆಗಳನ್ನು ತೋರಿಸಬೇಕು, ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಮಾಫಿ ಇತ್ತು. ತಲೆ ತಗ್ಗಿಸಿ ಪಕ್ಕಕ್ಕೆ ಸರಿದಿದ್ದರೆ ಆ ಕೆಲಸ ನನಗೆ ಉಳಿಯುತ್ತಿತ್ತೋ ಏನೋ. ಅತಿಥಿಗಳ ಬೂಟು ಒದ್ದೆ ನೆಲದ ಅಂಚಿಗೆ ಬಂದಿತ್ತು. ಮಾಪಿನ ಕೋಲನ್ನು ಕಾರಿಡಾರಿಗೆ ಅಡ್ಡ ಹಿಡಿದೆ. ಅದರಿಂದ ಕೊಳೆನೀರು ನನ್ನ ಹೊಸ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.

“ಒಣಗ್ಲಿ ಮೇಡಂ,” ಎಂದೆ. “ಅಲ್ಲೀ ತನಕ ಯಾರೂ ದಾಟೋ ಹಾಗಿಲ್ಲ.”

ಈ ಸಲ ಎಲ್ಲರಿಗೂ ಕೇಳಿಸಿತು. ಅಮ್ಮ ಆಗಲೇ ಗೇಟು ದಾಟಿದ್ದಳು.